ಲೇಸರ್ ಕಿರಣದ ಅಗಲ ಅಳೆಯಲು ವೆಬ್‌ಕ್ಯಾಮ್‌ಗಿಂತ ಬ್ಲೇಡೇ ವಾಸಿ

ಲೇಸರ್ ಪಾಯಿಂಟರ್‌ನ ಕಿರಣದಲ್ಲಿ ನಡುವೆ ಎಷ್ಟು ಬೆಳಕಿದೆ, ಅಂಚಿಗೆ ಹೋದಂತೆ ಹೇಗೆ ಕಡಿಮೆಯಾಗುತ್ತದೆ ಅಂತ ತಿಳಿಯಬೇಕಾ? ನನ್ನ ಓಟು ಶೇವಿಂಗ್ ಬ್ಲೇಡಿಗೆ.

ಮೊದಲು ಇದಕ್ಕೆಂದೇ ವೆಬ್‌ಕ್ಯಾಮ್ ಕೊಂಡು ಲೆನ್ಸ್ ಬಿಚ್ಚಿದೆ. ಲೇಸರ್ ಬಿಟ್ಟ ಕೂಡಲೇ ಪರದೆಯೆಲ್ಲ ಬಿಳಿ. ಎರಡು ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಅಡ್ಡ ಇಟ್ಟು ಒಂದನ್ನು ತಿರುಗಿಸಿದರೆ ಬೆಳಕು ತಗ್ಗುತ್ತದೆ, ಅದು ಸುಲಭ. ತಗ್ಗಿದ ಮೇಲೆ ಬೆಳಕಿನ ಮಚ್ಚೆಯ ತುಂಬಾ ಪಟ್ಟೆಗಳು ಕಂಡವು.

ಈ ಪಟ್ಟೆಗಳು ಕಿರಣದವಲ್ಲ. ಲೇಸರನ್ನು ಇದ್ದಲ್ಲೇ ತಿರುಗಿಸಿದರೆ ಮಚ್ಚೆ ತಿರುಗುತ್ತದೆ, ಪಟ್ಟೆ ಅಲುಗುವುದಿಲ್ಲ. ಅವು ಸೆನ್ಸರ್ ಮೇಲಿನ ತೆಳು ಗಾಜಿನಿಂದ ಬಂದವು. ಗಾಜಿನ ಒಂದೊಂದು ಮುಖವೂ ಸುಮಾರು 4% ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಸಲ ಪುಟಿದು ಸೆನ್ಸರ್ ಮುಟ್ಟುವ ಬೆಳಕು ಬರೀ 0.16%. ಇಷ್ಟರಿಂದ ಏನಾಗುತ್ತದೆ ಅನಿಸಬಹುದು, ಅಲ್ವಾ? ಆದರೆ ಲೇಸರ್‌ನಲ್ಲಿ ಕೂಡುವುದು ಅಲೆಗಳ ಎತ್ತರ. ಬೆಳಕು ಅಲೆಯ ಎತ್ತರದ ವರ್ಗಕ್ಕೆ ತಕ್ಕಷ್ಟು, ಹಾಗಾಗಿ 0.16% ಬೆಳಕಿನ ಅಲೆಯ ಎತ್ತರ ಮೂಲ ಅಲೆಯ 4%. ಅದು ಮೂಲ ಅಲೆಗೆ ಕೂಡಿದರೆ ಬೆಳಕು ಒಂದು ಕಡೆ 8% ಏರುತ್ತದೆ, ಪಕ್ಕದಲ್ಲೇ 8% ಇಳಿಯುತ್ತದೆ. ಗಾಜು ಕೀಳಲು ಹೋದರೆ ಸೆನ್ಸರೇ ಹಾಳಾಗುವ ಭಯ. ಇಂಥ ಚಿತ್ರದಿಂದ ಅಗಲ ಅಳೆಯಲು ನನಗೆ ಮನಸ್ಸಿಲ್ಲ.

ಬ್ಲೇಡಿನಲ್ಲಿ ಈ ಕಾಟ ಇಲ್ಲ. ಸರಿದಾಡುವ ಹಲಗೆಗೆ ಬ್ಲೇಡ್ ಅಂಟಿಸಿ, ಅದು ಕಿರಣವನ್ನು ಸ್ವಲ್ಪಸ್ವಲ್ಪವೇ ಮುಚ್ಚುವಂತೆ ಎಂ3 (3 ಮಿಲಿಮೀಟರ್ ದಪ್ಪದ) ಸ್ಕ್ರೂನಿಂದ ತಳ್ಳುತ್ತೇನೆ. ಒಂದು ಸುತ್ತಿಗೆ 0.5 ಮಿಲಿಮೀಟರ್. ಹಿಂದೆ ಪುಟ್ಟ ಸೋಲಾರ್ ಸೆಲ್, ಅದಕ್ಕೆ ಮಲ್ಟಿಮೀಟರ್. ವೋಲ್ಟೇಜ್ ನೋಡಬೇಡಿ, ಕರೆಂಟ್ ನೋಡಿ. ಬೆಳಕಿನ ಲೆಕ್ಕಕ್ಕೆ ಸರಿಯಾಗಿ ಏರಿಳಿಯುವುದು ಅದೇ. ಬ್ಲೇಡ್ ಅಡ್ಡ ಇಲ್ಲದಾಗಿನ ಕರೆಂಟನ್ನು 100% ಅಂದುಕೊಂಡರೆ, ಕರೆಂಟ್ 84%ರಿಂದ 16%ಕ್ಕೆ ಇಳಿಯುವಷ್ಟರಲ್ಲಿ ಬ್ಲೇಡ್ ಎಷ್ಟು ಸರಿಯಿತೋ, ಗಾಸಿಯನ್ ಕಿರಣಕ್ಕೆ (ನಡುವಿನಿಂದ ಅಂಚಿಗೆ ಬೆಳಕು ಗಂಟೆಯಾಕಾರದ ಗೆರೆಯಂತೆ ಇಳಿಯುವ ಕಿರಣ) ಅದೇ ತ್ರಿಜ್ಯ. ಲೇಸರನ್ನು 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಅಳೆದರೆ ಕೆಂಪು ಪಾಯಿಂಟರ್‌ನ ಕಿರಣ ಗುಂಡಗಿಲ್ಲ, ಉದ್ದುದ್ದ ಇದೆ ಅನ್ನುವುದೂ ಗೊತ್ತಾಗುತ್ತದೆ. ಬ್ಲೇಡಿನಿಂದ ಚಿಮ್ಮುವ ಬೆಳಕು ಕಣ್ಣಿಗೆ ಬೀಳದಂತೆ ಮಾತ್ರ ನೋಡಿಕೊಳ್ಳಿ.

ಬ್ಲೇಡಿನ ಬದಲು ಪಿನ್‌ಹೋಲ್ (ಸೂಜಿಮೊನೆಯಷ್ಟು ತೂತು) ಸರಿಸುತ್ತಾ ನೋಡುವ ದಾರಿಯೂ ಇದೆ. ಬೆಳಕು ತೀರಾ ಕಡಿಮೆ, ನನ್ನ ಮೀಟರ್‌ಗೆ ಎಟುಕಲಿಲ್ಲ. ಕಾಗದದ ಮೇಲಿನ ಮಚ್ಚೆಯನ್ನು ಫೋನಿನಲ್ಲಿ ತೆಗೆದರೆ ಬರೀ ಚುಕ್ಕೆಚುಕ್ಕೆ.

ಕಿರಣದ ಸುತ್ತ ಉಂಗುರ ಇದೆಯಾ, ಎರಡಾಗಿ ಸೀಳಿದೆಯಾ ಅಂತ ಕಣ್ಣಲ್ಲೇ ನೋಡಬೇಕೆಂದರೆ ವೆಬ್‌ಕ್ಯಾಮೇ ಬೇಕು, ಬ್ಲೇಡ್ ಅದನ್ನು ತೋರಿಸದು. ನನಗೆ ಬೇಕಾದದ್ದು ಅಗಲ. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾ ಕೂರುವುದು ಇಷ್ಟ. ಮಲ್ಟಿಮೀಟರ್ ಮನೆಯಲ್ಲಿತ್ತು, ಉಳಿದದ್ದಕ್ಕೆ ವೆಬ್‌ಕ್ಯಾಮ್‌ನ ಅರ್ಧ ದುಡ್ಡೂ ಆಗಲಿಲ್ಲ.