ಆರೈಕೆದಾರರ ರಜೆಗೂ ಶುಲ್ಕ ಕೊಡಬೇಕೆ? ಮೂರು ಬಗೆಯ ಒಪ್ಪಂದಗಳ ಹೋಲಿಕೆ

ಮಗುವನ್ನು ನೋಡಿಕೊಳ್ಳುವವರು ವಾರಕ್ಕೆ ಎಷ್ಟು ಕೇಳುತ್ತಾರೆ ಎಂಬುದನ್ನಷ್ಟೇ ನೋಡಿ ಆಯ್ಕೆ ಮಾಡಿದರೆ ಲೆಕ್ಕ ತಪ್ಪುತ್ತದೆ. ವರ್ಷಕ್ಕೆ ಎಷ್ಟು, ಅದರಲ್ಲಿ ಆರೈಕೆ ಸಿಗುವ ವಾರಗಳೆಷ್ಟು ಎಂದು ನೋಡಿ.

ಒಬ್ಬರು ವಾರಕ್ಕೆ 100 ಕೇಳಿ, ತಮ್ಮ ನಾಲ್ಕು ವಾರದ ರಜೆಗೂ ಹಣ ಪಡೆಯುತ್ತಾರೆ ಅಂದುಕೊಳ್ಳಿ. 52 ವಾರಕ್ಕೆ 5200. ಆರೈಕೆ ಸಿಗುವುದು 48 ವಾರ. ಅಲ್ಲಿಗೆ ವಾರಕ್ಕೆ ಬೀಳುವುದು 108.33. ಇನ್ನೊಬ್ಬರು ರಜೆಗೆ ಏನೂ ಕೇಳದೆ ವಾರಕ್ಕೆ 106 ಹೇಳಿದರೆ ಅವರೇ ಅಗ್ಗ (ವರ್ಷಕ್ಕೆ 5088). 112 ಅಂದರೆ ದುಬಾರಿ.

ಆದರೂ ಆ ನಾಲ್ಕು ವಾರ ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ! ಬದಲಿ ವ್ಯವಸ್ಥೆಗೆ ದುಡ್ಡು ತೆರಬೇಕಿದ್ದರೆ ಸಂಬಳಸಹಿತ ರಜೆಯಲ್ಲಿ ಎರಡೆರಡು ಕಡೆ ಹಣ ಹೋಗುತ್ತದೆ, ಒಂದೇ ತಿಂಗಳಲ್ಲಿ. ನಿಮ್ಮ ರಜೆಯನ್ನೂ ಅದೇ ವಾರಗಳಿಗೆ ಹೊಂದಿಸಿಕೊಳ್ಳಬಲ್ಲವರಿಗೆ ಮಾತ್ರ ಇದು ಹಗುರ.

ಮೂರನೆಯದು ಸಮಕಂತು: 48 ವಾರದ ಮೊತ್ತವನ್ನು 12 ತಿಂಗಳಿಗೆ ಹಂಚುವುದು. 106ರ ದರದಲ್ಲಿ ತಿಂಗಳಿಗೆ 424. ತೊಡಕಾಗುವುದು ವರ್ಷದ ನಡುವೆ ಬಿಟ್ಟಾಗ. ರಜೆಗೆ ಮುಂಚೆಯೇ ಬಿಟ್ಟರೆ ಬಾಕಿ ನಿಮ್ಮದು, ರಜೆ ಮುಗಿದ ಕೂಡಲೇ ಬಿಟ್ಟರೆ ಅವರದು. ಹಾಗಾಗಿ ಕೊನೆಯ ಲೆಕ್ಕ ಚುಕ್ತಾ ಮಾಡುವ ಬಗೆಯನ್ನು ಮೊದಲೇ ಬರೆದಿಡಿ.

ಯಾವುದನ್ನೇ ಆರಿಸಿದರೂ ಅವರ ರಜೆ, ಅವರ ಕಾಯಿಲೆ, ನಿಮ್ಮ ಮಗುವಿನ ಗೈರು, ಮೂರಕ್ಕೂ ಒಪ್ಪಂದದಲ್ಲಿ ಬೇರೆ ಬೇರೆ ಸಾಲು ಇರಲಿ. ರಜೆಯ ವಾರಗಳು ಬಿಡುವ ನೋಟಿಸ್ ಅವಧಿಯಲ್ಲಿ ಸೇರುತ್ತವೆಯೇ ಎಂದೂ ಕೇಳಿ. ಜಗಳ ಅಲ್ಲೂ ಹುಟ್ಟಬಹುದು.