ನಮ್ಮ ಟ್ರೈಲರಿಗೆ ಲೀಫ್ ಸಿಕ್ಕಿದ್ದು ಕುಂಬಳೆಯಲ್ಲಿ

ಬದಿಯಡ್ಕದ ನಮ್ಮ ತೋಟಕ್ಕೆ ಗೊಬ್ಬರ ತರಲು ಅಪ್ಪ ಮಾಡಿಸಿದ ಪುಟ್ಟ ಟ್ರೈಲರ್ ಇದೆ. ಜೀಪಿನ ಹಿಂದೆ ಕಟ್ಟುವುದು. ಈ ಮಳೆಗಾಲದಲ್ಲಿ ಎಡಬದಿಯ ಮೈನ್ ಲೀಫ್, ಅಂದರೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪ್ಲೇಟುಗಳಲ್ಲಿ ಮುಖ್ಯವಾದದ್ದು, ತುಂಡಾಯಿತು. ಮನೆಯಲ್ಲೇ ಮಾಡಿದ ಗಾಡಿಗೆ ಪಾರ್ಟ್ ನಂಬರ್ ಎಲ್ಲಿಂದ ಬರಬೇಕು? ಒಂದು ಕಡೆ ವೆಲ್ಡ್ ಮಾಡಿಕೊಟ್ಟರು. ಎರಡೇ ವಾರ, ಬೆಸುಗೆಯ ಪಕ್ಕದಲ್ಲೇ ಮತ್ತೆ ಮುರಿಯಿತು. ಸ್ಪ್ರಿಂಗ್ ಉಕ್ಕಿಗೆ ಹಾಗೆ ಕಾವು ಕೊಟ್ಟರೆ ಅದರ ಹದವೇ ಹೋಗುತ್ತದೆ.

ಕುಂಬಳೆಯ ಹೆದ್ದಾರಿ ಬದಿಯ ಲೀಫ್ ಅಂಗಡಿಯವರು ಮೊದಲು ಟೇಪ್ ಹಿಡಿದರು. ಲೀಫಿನ ಎರಡು ತುದಿಯ ಕಣ್ಣುಗಳ (ಬಳೆಯಂತೆ ಸುತ್ತಿದ ತೂತುಗಳ) ನಡುವಿನ ಉದ್ದ, ಪ್ಲೇಟಿನ ಅಗಲ, ದಪ್ಪ, ಬುಷ್ಷಿನ ಅಳತೆ, ಸೆಂಟರ್ ಬೋಲ್ಟ್ ಎಲ್ಲಿದೆ, ಎಲ್ಲವನ್ನೂ ಬರೆದುಕೊಂಡರು. "ಎಷ್ಟು ಭಾರ ಹಾಕ್ತೀರಿ?" ಎಂದು ಕೇಳಿದ್ದು ಇವರೊಬ್ಬರೇ. ಒಂದು ಪ್ಲೇಟ್ ಜಾಸ್ತಿ ಹಾಕಿ ಎಂದೆ. "ಬೇಡ ಅಣ್ಣ, ಖಾಲಿ ಓಡುವಾಗ ಕುಣಿಯುತ್ತದೆ, ಚಾಸಿಸ್ಸಿಗೆ ಪೆಟ್ಟು" ಎಂದರು. ಸರಿ ಅಲ್ವಾ!

ಎರಡೂ ಬದಿಗೆ 5 ಪ್ಲೇಟಿನ ಹೊಸ ಸೆಟ್, ಅದನ್ನು ಆಕ್ಸಲಿಗೆ ಬಿಗಿಯುವ ಹೊಸ ಯು ಬೋಲ್ಟ್ ಹಾಕಿದರು. ಹಳೆಯ ಯು ಬೋಲ್ಟ್ ಹಿಗ್ಗಿರುತ್ತದೆ, ಮತ್ತೆ ಬಳಸಬಾರದು. ನಾಲ್ಕು ದಿನ ಕಾಯಬೇಕಾಯಿತು, ಅದೊಂದೇ ಕೊರತೆ. ಈಗ 6 ಕ್ವಿಂಟಾಲ್ ಹೇರಿದರೂ ಗಾಡಿ ನೆಟ್ಟಗೆ ನಿಲ್ಲುತ್ತದೆ. ಸ್ವಲ್ಪ ಓಡಿದ ಮೇಲೆ ನಟ್ ಬಿಗಿ ಮಾಡಿಸಲು ಬನ್ನಿ ಎಂದಿದ್ದಾರೆ. ಸೋಮವಾರ ಹೋಗುತ್ತೇನೆ.