ಬಾಡಿಗೆ ಮನೆಗೆ ಹಳೆ ಕರೆಂಟ್ ಬಾಕಿ ಬಂದರೆ ಹೆದರಿ ಪೂರ್ತಿ ಕಟ್ಟಬೇಡಿ

ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಕ್ವಾರ್ಟರ್ಸುಗಳಲ್ಲೂ ಬದಿಯಡ್ಕ, ಮುಳ್ಳೇರಿಯ ಕಡೆಯ ಬಿಡಾರಗಳಲ್ಲೂ ಬಾಡಿಗೆಗಿರುವವರು ಇದನ್ನು ಪೂರ್ತಿ ಓದಿ. ಇದೇ ಪೆಟ್ಟು ಒಬ್ಬರಾದ ಮೇಲೆ ಒಬ್ಬರಿಗೆ ಬೀಳುತ್ತಿದೆ.

ಆಗುವುದು ಹೀಗೆ. ಬಾಡಿಗೆದಾರರು ಮನೆಗೆ ಬಂದು ಮೂರು ತಿಂಗಳಾಗಿರುತ್ತದೆ. ಧನಿಗಳು ಗಲ್ಫಿನಲ್ಲಿ, ಬಾಡಿಗೆ ವಸೂಲಿಗೆ ಅವರ ಭಾವನೋ ತಮ್ಮನೋ. ಮೀಟರ್ ಇರುವುದು ಬೀಗ ಹಾಕಿದ ಗ್ರಿಲ್ಲಿನ ಒಳಗೆ. ರೀಡಿಂಗಿಗೆ ಬಂದವರು ಮೂರು ಸಲ ‘ಡೋರ್ ಲಾಕ್’ ಎಂದು ಬರೆದು ಸರಾಸರಿ ಬಿಲ್ಲು ಹಾಕಿ ಹೋಗಿದ್ದಾರೆ. ನಾಲ್ಕನೇ ಸಲ ಗೇಟು ತೆರೆದಿತ್ತು, ನಿಜವಾದ ರೀಡಿಂಗ್ ಸಿಕ್ಕಿತು, ಎಂಟು ತಿಂಗಳ ವ್ಯತ್ಯಾಸ ಒಂದೇ ಬಿಲ್ಲಿನಲ್ಲಿ ಬಂತು. ಫ್ಯೂಸ್ ತೆಗೆದಾರೆಂಬ ಹೆದರಿಕೆಯಿಂದ ಬಾಡಿಗೆದಾರರು ಸಾಲ ಮಾಡಿ ಪೂರ್ತಿ ಕಟ್ಟುತ್ತಾರೆ. ಆಮೇಲೆ ಧನಿಗಳಿಗೆ ಫೋನ್ ಮಾಡಿದರೆ, “ಕರೆಂಟ್ ಉರಿಸಿದ್ದು ನೀವಲ್ಲವಾ?” ಎಂಬ ಉತ್ತರ. ಹಿಂದಿನ ಬಾಡಿಗೆದಾರರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಹಣ ಹೋಯಿತು.

ಇಲ್ಲಿ ತಪ್ಪಿದ್ದು ಎರಡು ಕಡೆ. ಒಂದು, ಕೀ ಕೈಗೆ ಬಂದ ದಿನ ಮೀಟರಿನ ಫೋಟೋ ತೆಗೆಯಲಿಲ್ಲ. ಎರಡು, ಬಿಲ್ಲನ್ನು ದಿನಾಂಕದ ಪ್ರಕಾರ ತುಂಡು ಮಾಡದೆ ಇಡಿಯಾಗಿ ಒಪ್ಪಿಕೊಂಡರು.

ತುಂಡು ಮಾಡುವುದು ಹೇಗೆಂದು ಲೆಕ್ಕ ಹಾಕಿಯೇ ತೋರಿಸುತ್ತೇವೆ. ಕೊನೆಯ ನಿಜವಾದ ರೀಡಿಂಗ್ 3,180, ಈಗಿನದು 4,420 ಎಂದಿಟ್ಟುಕೊಳ್ಳಿ. ಒಟ್ಟು 1,240 ಯೂನಿಟ್. ನೀವು ಬಂದ ದಿನದ ಫೋಟೋದಲ್ಲಿ 4,060 ಇದ್ದರೆ ನಿಮ್ಮ ಪಾಲು 360 ಯೂನಿಟ್. ಉಳಿದ 880 ಯೂನಿಟ್ ನೀವು ಬರುವ ಮೊದಲಿನದು. ಫೋಟೋ ಇಲ್ಲದಿದ್ದರೆ ಈ 880 ಯೂನಿಟ್ ನಿಮ್ಮದಲ್ಲವೆಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಇದಕ್ಕಿಂತ ಹೆಚ್ಚು ಜನ ಗಮನಿಸದ ವಿಷಯ ಸ್ಲ್ಯಾಬಿನದು. ಕೇರಳದಲ್ಲಿ ಮನೆ ಬಳಕೆಗೆ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ. ಮೊದಲ 50ಕ್ಕೆ ಒಂದು ದರ, ಮುಂದಿನ 50ಕ್ಕೆ ಇನ್ನೊಂದು. ಇದಕ್ಕೆ ಟೆಲಿಸ್ಕೋಪಿಕ್ ಎನ್ನುತ್ತಾರೆ. 250 ದಾಟಿದರೆ ಮೆಟ್ಟಿಲೇ ಇಲ್ಲ, ಮೊದಲ ಯೂನಿಟಿನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಆ ಗಡಿ ಬಿಲ್ಲಿಗೆ 500 ಯೂನಿಟ್. ಮೇಲಿನ 1,240 ಯೂನಿಟನ್ನು ಎಂಟು ತಿಂಗಳಿಗೆ ಹಂಚಿದರೆ ತಿಂಗಳಿಗೆ 155 ಆಗುತ್ತದೆ, ಗಡಿಯೊಳಗೇ ಉಳಿಯುತ್ತದೆ. ಅದನ್ನೇ ಎರಡು ತಿಂಗಳ ಬಳಕೆಯೆಂದು ಹಾಕಿದರೆ ತಿಂಗಳಿಗೆ 620, ಅಂದರೆ ತೀರಾ ಮೇಲಿನ ಸ್ಲ್ಯಾಬ್. ಯೂನಿಟ್ ಅಷ್ಟೇ ಇದ್ದರೂ ಮೊತ್ತ ದುಪ್ಪಟ್ಟಿನ ಹತ್ತಿರ ಹೋಗಬಹುದು. ಆದ್ದರಿಂದ ವಿದ್ಯುತ್ ಮಂಡಳಿಯ ಆಫೀಸಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, “ಈ ಯೂನಿಟ್‌ಗಳನ್ನು ಎಷ್ಟು ತಿಂಗಳಿಗೆ ಹಂಚಿದ್ದೀರಿ?” ಎರಡನೆಯದು, “ಡೋರ್ ಲಾಕ್ ಬಿಲ್ಲುಗಳಲ್ಲಿ ಆಗಲೇ ಕಟ್ಟಿದ ಸರಾಸರಿ ಮೊತ್ತ ಕಳೆದಿದ್ದೀರಾ?” ಎರಡಕ್ಕೂ ಲೆಕ್ಕದ ಹಾಳೆಯನ್ನೇ ಕೇಳಿ. ಬಾಯಿಮಾತಿನ ಉತ್ತರ ಆಮೇಲೆ ಪ್ರಯೋಜನಕ್ಕೆ ಬರುವುದಿಲ್ಲ.

ದೊಡ್ಡ ಮೊತ್ತ ಕಂಡಾಗಲೆಲ್ಲ ಅದು ಹಳೆ ಬಾಕಿಯೇ ಆಗಿರಬೇಕೆಂದಿಲ್ಲ. ಮಲಯಾಳದಲ್ಲಿ ‘ಕುಡಿಶ್ಶಿಕ’ ಎಂದರೆ ಬಾಕಿ. ನೋಟೀಸಿನಲ್ಲಿ ಆ ಪದ ಇದೆಯೇ ಎಂದು ಮಲಯಾಳ ಓದಬಲ್ಲವರಿಂದ ಓದಿಸಿ. ಹೊಸ ಹಣಕಾಸು ವರ್ಷ ಶುರುವಾದ ಮೇಲೆ ಬರುವ ಹೆಚ್ಚುವರಿ ಭದ್ರತಾ ಠೇವಣಿಯೂ ಬಿಲ್ಲಿಗೆ ಸೇರಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಬಿಲ್ಲು ಬರುವವರ ಠೇವಣಿ ಮೂರು ತಿಂಗಳ ಸರಾಸರಿ ಬಿಲ್ಲಿನಷ್ಟು ಇರಬೇಕು ಎಂಬ ಲೆಕ್ಕದಲ್ಲಿ, ಹಿಂದಿನ ವರ್ಷ ಬಳಕೆ ಹೆಚ್ಚಿದ್ದರೆ ಕೊರತೆಯನ್ನು ಕಟ್ಟಲು ಹೇಳುತ್ತಾರೆ. ಈ ಠೇವಣಿ ಧನಿಗಳ ಹೆಸರಿನಲ್ಲಿ ಉಳಿಯುತ್ತದೆ, ಬಡ್ಡಿಯೂ ಅದೇ ಸಂಪರ್ಕದ ಬಿಲ್ಲಿಗೇ ಜಮೆಯಾಗುತ್ತದೆ. ಮನೆ ಬಿಡುವಾಗ ಅದು ನಿಮ್ಮ ಕೈಗೆ ಬರುವುದಿಲ್ಲ. ಕಟ್ಟಲೇಬೇಕಾಗಿ ಬಂದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇವೆಂದು ಧನಿಗಳಿಂದ ವಾಟ್ಸಾಪಿನಲ್ಲಾದರೂ ಒಪ್ಪಿಗೆ ತೆಗೆದುಕೊಳ್ಳಿ.

ಮೀಟರ್ ಕೆಟ್ಟಿತ್ತು ಎಂಬ ಕಾರಣ ಕೊಟ್ಟು ಬಂದ ಬಿಲ್ಲು ಬೇರೆ ಜಾತಿಯದು. ಕೇರಳ ವಿದ್ಯುತ್ ಸರಬರಾಜು ಸಂಹಿತೆ 2014ರಲ್ಲಿ 125ನೇ ನಿಯಮ ಇದಕ್ಕೇ ಇದೆ. ಮೀಟರ್ ಕೆಟ್ಟದ್ದು ಗೊತ್ತಾಗುವುದಕ್ಕೆ ಹಿಂದಿನ ಮೂರು ಬಿಲ್ಲಿಂಗ್ ಅವಧಿಗಳ ಸರಾಸರಿ ತೆಗೆಯುತ್ತಾರೆ. ಬಾಡಿಗೆದಾರರಿಗೆ ಇಲ್ಲಿಯೇ ಅನ್ಯಾಯ ಆಗುವುದು. ಆ ಮೂರು ಅವಧಿಗಳಲ್ಲಿ ಮನೆಯಲ್ಲಿ ಇದ್ದದ್ದು ಏಸಿ, ಫ್ರಿಜ್ಜು ಇಟ್ಟುಕೊಂಡ ಏಳೆಂಟು ಜನ, ಈಗ ಇರುವುದು ಗಂಡ ಹೆಂಡತಿ ಇಬ್ಬರೇ ಎಂದಾದರೆ ಆ ಸರಾಸರಿ ನಿಮ್ಮದಲ್ಲ. ಮನೆಯಲ್ಲಿ ಯಾರಿದ್ದರು, ಹೇಗೆ ಬಳಸುತ್ತಿದ್ದರು ಎಂಬುದಕ್ಕೆ ಗ್ರಾಹಕರು ಕೊಡುವ ಪುರಾವೆಯನ್ನೂ ಪರಿಗಣಿಸಬೇಕೆಂದು ಅದೇ ನಿಯಮ ಹೇಳುತ್ತದೆ. ಹಿಂದಿನ ವಿವರ ಸಿಗದಿದ್ದಲ್ಲಿ ಹೊಸ ಮೀಟರ್ ಕೂತ ಮೇಲಿನ ಮೂರು ಅವಧಿಗಳ ಸರಾಸರಿ ಹಿಡಿಯಲೂ ಅವಕಾಶವಿದೆ. ಬಾಡಿಗೆ ಕರಾರು ಪತ್ರದ ಪ್ರತಿಯನ್ನು ಅರ್ಜಿಗೆ ಸೇರಿಸುವುದು ಇದಕ್ಕಾಗಿಯೇ. ಪತ್ರದಲ್ಲಿರುವ ತಾರೀಕು ನಿಮ್ಮ ಸಾಕ್ಷಿ.

ಮೀಟರ್ ಓಡುವುದೇ ಹೆಚ್ಚೋ ಎಂಬ ಸಂಶಯವಿದ್ದರೆ ಮೊದಲು ಮನೆಯಲ್ಲೇ ನೋಡಬಹುದು. ಮೇನ್ ಸ್ವಿಚ್ ಆಫ್ ಮಾಡಿ. ಮೀಟರಿನ ಕೆಂಪು ದೀಪ ಆಗಲೂ ಮಿನುಗುತ್ತಿದ್ದರೆ ನಿಮ್ಮ ಮೇನ್ ದಾಟದೆ ಬೇರೆಲ್ಲಿಗೋ ಕರೆಂಟ್ ಹೋಗುತ್ತಿದೆ. ಕ್ವಾರ್ಟರ್ಸುಗಳಲ್ಲಿ ಅದು ಸಾಮಾನ್ಯವಾಗಿ ಬಾವಿಯ ಪಂಪು ಅಥವಾ ಮೆಟ್ಟಿಲ ದೀಪ. ನಾಲ್ಕು ಮನೆಯವರಿಗೆ ನೀರೆತ್ತುವ ಪಂಪನ್ನು ಒಂದು ಮನೆಯ ಮೀಟರಿಗೆ ಕೊಟ್ಟಿರುವುದು ಬಹಳ ಕಡೆ ಇದೆ. ಪಂಪು ಹಾಕಿಸಿ ದೀಪ ನೋಡಿದರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಇನ್ನು ಮೀಟರಿನ ಮುಖದಲ್ಲಿ 3200 ಇಂಪಲ್ಸ್ ಎಂದಿದ್ದರೆ ಒಂದು ಯೂನಿಟಿಗೆ ದೀಪ 3200 ಸಲ ಮಿನುಗಬೇಕು. ಬೇರೆಲ್ಲ ಆಫ್ ಮಾಡಿ, ಬಕೆಟಿಗೆ 1500 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಒಂದನ್ನೇ ಹಾಕಿದರೆ ನಿಮಿಷಕ್ಕೆ ಸುಮಾರು 80 ಸಲ ಮಿನುಗುತ್ತದೆ. ಇಸ್ತ್ರಿಪೆಟ್ಟಿಗೆ ಇದಕ್ಕೆ ಬೇಡ, ಅದು ತಾನಾಗಿ ಆಫ್ ಆನ್ ಆಗುತ್ತಿರುತ್ತದೆ. ಸಂಜೆ ವೋಲ್ಟೇಜು 210ಕ್ಕೆ ಇಳಿದಿದ್ದರೆ ಕಾಯಿಲ್ ಎಳೆಯುವುದೇ ಕಡಿಮೆ, ಆಗ 66ರ ಆಸುಪಾಸು ಬರುವುದು ಸರಿಯೇ. ನೂರು ದಾಟಿದರೆ ಮೀಟರ್ ಪರೀಕ್ಷೆಗೆ ಬರೆದು ಕೊಡಿ. ಅದಕ್ಕೆ ಶುಲ್ಕವಿದೆ, ರಶೀದಿ ಇಟ್ಟುಕೊಳ್ಳಿ.

“ಎರಡು ವರ್ಷ ಕಳೆದ ಬಾಕಿ ಕೊಡಬೇಕಾಗಿಲ್ಲ” ಎಂದು ಹೇಳುವವರು ಬಹಳ. ಇದು ಅರ್ಧ ಸತ್ಯ, ಇದನ್ನು ನಂಬಿ ಸುಮ್ಮನೆ ಕೂತವರಿಗೂ ತೊಂದರೆಯಾಗುತ್ತದೆ. 2003ರ ವಿದ್ಯುತ್ ಕಾಯ್ದೆಯ 56(2)ರ ಪ್ರಕಾರ ಹಣ ಬಾಕಿಯಾದ ದಿನದಿಂದ ಎರಡು ವರ್ಷ ಕಳೆದ ಮೇಲೆ, ಅದನ್ನು ಪ್ರತಿ ಬಿಲ್ಲಿನಲ್ಲೂ ಬಾಕಿಯೆಂದು ತೋರಿಸುತ್ತಾ ಬಂದಿರದಿದ್ದರೆ, ವಸೂಲು ಮಾಡುವಂತಿಲ್ಲ. ಆದರೆ 2020ರ ಫೆಬ್ರವರಿಯಲ್ಲಿ ಅಜ್ಮೀರದ ವಿದ್ಯುತ್ ವಿತರಣ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿತು. ಬಾಕಿ ಕೊಡುವ ಹೊಣೆ ಬಿಲ್ಲು ಬಂದಾಗ ಶುರುವಾಗುತ್ತದೆ. ತಪ್ಪಿನಿಂದ ಬಿಟ್ಟುಹೋದ ಮೊತ್ತಕ್ಕೆ ಎರಡು ವರ್ಷದ ಮೇಲೂ ಹೆಚ್ಚುವರಿ ಬೇಡಿಕೆ ಕಳಿಸಬಹುದು. ಆದರೆ ಆ ಹಣಕ್ಕಾಗಿ ಲೈನ್ ಕಡಿಯುವಂತಿಲ್ಲ. 2023ರ ಮೇ ತಿಂಗಳಲ್ಲಿ, ಕೇರಳದ ವಿದ್ಯುತ್ ಮಂಡಳಿಯೇ ಕಕ್ಷಿಯಾಗಿದ್ದ ಪ್ರಕರಣದಲ್ಲಿ, ಹಳೆ ಬಾಕಿ ತೀರಿಸಿದರೆ ಮಾತ್ರ ಆ ಜಾಗಕ್ಕೆ ಹೊಸ ಸಂಪರ್ಕ ಎಂಬ ಷರತ್ತನ್ನೂ ಅದೇ ಕೋರ್ಟು ಎತ್ತಿಹಿಡಿಯಿತು. ಅಂದರೆ ಬಾಕಿ ಮನೆಯನ್ನು ಬಿಟ್ಟು ಹೋಗುವುದಿಲ್ಲ. “ಹಳೆ ಕನೆಕ್ಷನ್ ಕಡಿಯಲಿ, ನನ್ನ ಹೆಸರಿಗೆ ಹೊಸದು ತೆಗೆಯುತ್ತೇನೆ” ಎಂಬ ಉಪಾಯ ಇದರಿಂದ ನಿಲ್ಲುವುದಿಲ್ಲ.

ಹಾಗಾದರೆ ಬಿಲ್ಲು ಕೈಗೆ ಬಂದ ದಿನ ಏನು ಮಾಡಬೇಕು? ಮೊದಲು ಬಿಲ್ಲಿನ ಫೋಟೋ, ಏಕೆಂದರೆ ಆ ನುಣುಪು ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಅದೇ ದಿನದ ಮೀಟರ್ ರೀಡಿಂಗಿನ ಫೋಟೋವೂ ಬೇಕು. ಆಮೇಲೆ ವಿದ್ಯುತ್ ಮಂಡಳಿಯ ನಿಮ್ಮ ಕಡೆಯ ಸೆಕ್ಷನ್ ಆಫೀಸಿಗೆ ಹೋಗಿ, ಅಸಿಸ್ಟೆಂಟ್ ಇಂಜಿನಿಯರ್ ಹೆಸರಿಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. 1912ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳುವುದು ಒಳ್ಳೆಯದೇ, ಆದರೆ ಅದು ಅರ್ಜಿಗೆ ಬದಲಿಯಲ್ಲ. ಅರ್ಜಿ ಕನ್ನಡದಲ್ಲಿ ಬರೆಯಿರಿ, ಜತೆಗೆ ಮಲಯಾಳ ಅಥವಾ ಇಂಗ್ಲಿಷಿನ ಪ್ರತಿಯೊಂದನ್ನು ಇಡಿ. ಮುಂದೆ ಕಡತ ಕೋಝಿಕ್ಕೋಡಿಗೆ ಹೋದರೆ ಅಲ್ಲಿ ಕನ್ನಡ ಓದುವವರು ಸಿಗುವುದು ಕಷ್ಟ. ಒಕ್ಕಣೆ ಹೀಗಿದ್ದರೆ ಸಾಕು:

“ಗ್ರಾಹಕ ಸಂಖ್ಯೆ (13 ಅಂಕೆ) ____ ಇರುವ ಮನೆಯಲ್ಲಿ ನಾನು ____ ತಾರೀಕಿನಿಂದ ಬಾಡಿಗೆಗೆ ಇದ್ದೇನೆ. ಕರಾರು ಪತ್ರದ ಪ್ರತಿ ಮತ್ತು ಆ ದಿನದ ಮೀಟರ್ ಫೋಟೋ (ರೀಡಿಂಗ್ ____) ಲಗತ್ತಿಸಿದ್ದೇನೆ. ____ ತಾರೀಕಿನ ಬಿಲ್ಲಿನಲ್ಲಿ ಸೇರಿಸಿರುವ ಹಿಂದಿನ ಅವಧಿಯ ಮೊತ್ತಕ್ಕೆ ನನ್ನ ಆಕ್ಷೇಪವಿದೆ. ಅವಧಿವಾರು ಯೂನಿಟ್, ದರ ಹಾಗೂ ಕಳೆದ ಮೊತ್ತದ ಲೆಕ್ಕ ಲಿಖಿತವಾಗಿ ಕೊಡಬೇಕು. ಡೋರ್ ಲಾಕ್ ಅವಧಿಯ ಯೂನಿಟ್‌ಗಳನ್ನು ಆಯಾ ತಿಂಗಳಿಗೆ ಹಂಚಿ ಬಿಲ್ಲು ಪರಿಷ್ಕರಿಸಬೇಕು. ವಿವಾದ ಇತ್ಯರ್ಥವಾಗುವವರೆಗೆ ಕಾಯ್ದೆಯ 56(1)ರ ಪ್ರಕಾರ ಆಕ್ಷೇಪ ಉಳಿಸಿಕೊಂಡು ಹಣ ಕಟ್ಟಲು ಸಿದ್ಧನಿದ್ದೇನೆ.”

ಆ ಕೊನೆಯ ಸಾಲು ಬಹಳ ಮುಖ್ಯ. ಸಂಪರ್ಕ ಕಡಿಯುವ ಮೊದಲು 15 ಪೂರ್ಣ ದಿನಗಳ ಲಿಖಿತ ನೋಟೀಸು ಕೊಡಬೇಕೆಂದು 56(1) ಹೇಳುತ್ತದೆ. ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯ ಲೆಕ್ಕದ ಮೊತ್ತ, ಇವುಗಳಲ್ಲಿ ಯಾವುದು ಕಡಿಮೆಯೋ ಅದನ್ನು ‘ಅಂಡರ್ ಪ್ರೊಟೆಸ್ಟ್’ ಎಂದು ಬರೆದು ಕಟ್ಟಿದರೆ ವಿವಾದ ಮುಗಿಯುವ ತನಕ ಫ್ಯೂಸ್ ತೆಗೆಯುವಂತಿಲ್ಲ. ಆನ್‌ಲೈನಿನಲ್ಲಿ ಇಡೀ ಮೊತ್ತ ಕಟ್ಟಿಬಿಟ್ಟರೆ ಆಕ್ಷೇಪ ಬರೆಯಲು ಜಾಗವೇ ಇರುವುದಿಲ್ಲ. ಇಂಥ ಬಿಲ್ಲನ್ನು ಕೌಂಟರಿನಲ್ಲೇ ಕಟ್ಟಿ. ಹಿಂದೆ ಕಡಿಮೆ ಹಾಕಿದ್ದನ್ನು ಈಗ ಕೇಳುವ ಬಿಲ್ಲಿಗೆ ಕನಿಷ್ಠ 30 ದಿನ ಕಾಲಾವಕಾಶ ಇರಬೇಕೆಂದು ಸಂಹಿತೆಯ 134ನೇ ನಿಯಮ ಹೇಳುತ್ತದೆ. ಲೆಕ್ಕ ಸರಿ ಎಂದಾದರೆ ಕಂತು ಕೇಳಿ, ನಾಚಿಕೊಳ್ಳಬೇಡಿ.

ಸೆಕ್ಷನಿನಲ್ಲಿ ಸರಿಯಾಗದಿದ್ದರೆ ಮುಂದಿನ ಜಾಗ ಗ್ರಾಹಕರ ದೂರು ಪರಿಹಾರ ವೇದಿಕೆ. ಕಾಸರಗೋಡಿನವರಿಗೆ ಅದು ಕೋಝಿಕ್ಕೋಡಿನಲ್ಲಿದೆ. ಅಲ್ಲೂ ಸಮಾಧಾನವಾಗದಿದ್ದರೆ ಎರ್ನಾಕುಳಂನ ವಿದ್ಯುತ್ ಓಂಬುಡ್ಸ್‌ಮನ್.

ಒಂದು ಸಂದರ್ಭದಲ್ಲಿ ಮಾತ್ರ ಈ ದಾರಿ ಇಲ್ಲ. ಮನೆಯ ಸಂಪರ್ಕದಲ್ಲಿ ಟೈಲರಿಂಗ್ ಅಂಗಡಿಯೋ ಬೇಕರಿಯ ಗೋದಾಮೋ ನಡೆಸುವುದು, ತೋಟದ ಪಂಪಿನ ಕನೆಕ್ಷನಿನಿಂದ ಬಿಡಾರಕ್ಕೆ ಕರೆಂಟ್ ಎಳೆಯುವುದು, ಇವಕ್ಕೆ ಅನಧಿಕೃತ ಬಳಕೆಯೆಂದು ಕಾಯ್ದೆಯ 126ನೇ ಕಲಂ ಬೀಳಬಹುದು. ಆ ಕಲಮಿನ ಆದೇಶ ಜಾಗದಲ್ಲಿ ವಾಸವಿರುವವರ ಹೆಸರಿಗೇ ಬರಬಹುದು, ಸಂಪರ್ಕ ಧನಿಗಳದ್ದು ಎಂಬುದು ನಿಮ್ಮನ್ನು ಉಳಿಸುವುದಿಲ್ಲ. ದರ ಎರಡು ಪಟ್ಟು. ಯಾವಾಗಿನಿಂದ ಎಂದು ಗೊತ್ತಾಗದಿದ್ದರೆ ತಪಾಸಣೆಗೆ ಹಿಂದಿನ 12 ತಿಂಗಳು ಹಿಡಿಯುತ್ತಾರೆ. ಇದಕ್ಕೆ ದೂರು ವೇದಿಕೆಯಲ್ಲಿ ಜಾಗವಿಲ್ಲ. ತಾತ್ಕಾಲಿಕ ಆದೇಶ ಕೈಗೆ ಬಂದ ಕೂಡಲೇ ಲಿಖಿತ ಆಕ್ಷೇಪ ಸಲ್ಲಿಸಬೇಕು, ಏಕೆಂದರೆ ಅಂತಿಮ ಆದೇಶ 30 ದಿನದೊಳಗೆ ಆಗುತ್ತದೆ. ಆಮೇಲೆ ಮೇಲ್ಮನವಿಗೆ ಇನ್ನು 30 ದಿನ, ಅದೂ ಅರ್ಧ ಹಣ ಕಟ್ಟಿದ ಮೇಲೆ. ಕ್ವಾರ್ಟರ್ಸ್ ಹಿಡಿಯುವ ಮೊದಲೇ ಸಂಪರ್ಕ ಯಾವ ದರಪಟ್ಟಿಯದೆಂದು ಹಳೆ ಬಿಲ್ಲಿನಲ್ಲಿ ನೋಡಿಕೊಳ್ಳಿ.

ಧನಿಗಳೊಂದಿಗೆ ಜಗಳಕ್ಕಿಂತ ಕಾಗದ ಮೇಲು. ಕರಾರಿನಲ್ಲಿ ಒಂದೇ ವಾಕ್ಯ ಸೇರಿಸಿ: “ಬಾಡಿಗೆ ಆರಂಭದ ದಿನ ಮೀಟರ್ ರೀಡಿಂಗ್ ಇಷ್ಟು, ಇದಕ್ಕೆ ಮೊದಲಿನ ಬಳಕೆ, ಬಾಕಿ, ಠೇವಣಿ ಎಲ್ಲವೂ ಮನೆಯ ಧನಿಗಳ ಹೊಣೆ.” ಕರಾರು ಆಗಲೇ ಆಗಿದ್ದರೆ ಇವತ್ತೇ ಮೀಟರಿನ ಫೋಟೋ ತೆಗೆದು ಅವರಿಗೆ ಕಳಿಸಿ, ಪ್ರತಿ ತಿಂಗಳ ಒಂದನೇ ತಾರೀಕಿಗೆ ಹಾಗೆಯೇ ಮಾಡುತ್ತಾ ಹೋಗಿ. ಗ್ರಿಲ್ಲಿನ ಬೀಗದ ಒಂದು ಕೀ ನಿಮ್ಮ ಕೈಯಲ್ಲಿರಲಿ, ರೀಡಿಂಗಿಗೆ ಬರುವವರಿಗೆ ತೆರೆದು ಕೊಡಿ.

ಮನೆ ಬಿಡುವಾಗ ಒಂದು ವಾರ ಮೊದಲೇ ಸೆಕ್ಷನ್ ಆಫೀಸಿಗೆ ವಿಶೇಷ ರೀಡಿಂಗಿಗೆ ಬರೆದು ಕೊಡಿಸಿ. ವಾಸ ಬದಲಾಗುವಾಗ ಇದಕ್ಕೆ ಅವಕಾಶವಿದೆ, ಧನಿಗಳ ಸಹಿ ಇದ್ದರೆ ಕೆಲಸ ಬೇಗ ಆಗುತ್ತದೆ. ಆ ಬಿಲ್ಲು ಕಟ್ಟಿದ ರಶೀದಿಯನ್ನು ತೋರಿಸಿ ಅಡ್ವಾನ್ಸ್ ವಾಪಸು ತೆಗೆದುಕೊಳ್ಳಿ, ಕೀ ಕೊಡುವುದು ಆಮೇಲೆ.